ಕಡಲ ಬಾಗಿಲಿಗೊಂದು ಮೊರ

ವಿಮಾನ ನಿಲ್ದಾಣ

ಅಮೆರಿಕದ ನೆಲದ ಮೇಲೆ ನಿಂತು ನಾನು ಆಡಿದ ಮೊದಲ ನಿಜ ನನ್ನ ಚಪ್ಪಲಿಗೆ ಮುಳುವಾಯಿತು.

ಸಾಮಾನು ತಪಾಸಣೆಯ ಜಾಗದಲ್ಲಿ ಒಬ್ಬ ಎಳೆಯ ಅಧಿಕಾರಿ, ಇತ್ತೀಚೆಗೆ ಹೊಲ ತೋಟದ ಕಡೆ ಹೋಗಿದ್ದಿರಾ, ಸಾಕುಪ್ರಾಣಿಗಳ ಹತ್ತಿರ ಇದ್ದಿರಾ ಎಂದು ಕೇಳಿದ. ಎಲ್ಲರನ್ನೂ ಕೇಳುವ ಪ್ರಶ್ನೆ, ಎಲ್ಲರೂ ಇಲ್ಲ ಎಂದು ಮುಂದೆ ಹೋಗುವ ಪ್ರಶ್ನೆ. ನಾನು ಕನಕಪುರದ ಹೈಸ್ಕೂಲಿನಲ್ಲಿ ಬಹಳ ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಕೈ ಇದು. ಹೌದು, ಮನೆಯಲ್ಲೇ ಸಾಕಿದ್ದೇವೆ ಎಂದೆ. ಎಷ್ಟು ಎಂದ. ಈಗ ಒಂದು ಲಕ್ಷದ ಹತ್ತಿರ ಇರಬಹುದು ಎಂದೆ.

ಅವನು ಪೆನ್ನು ಕೆಳಗಿಟ್ಟ. ಒಳಗಿನಿಂದ ಒಬ್ಬ ಹಿರಿಯ ಹೆಂಗಸು ಬಂದರು. ರೇಷ್ಮೆ ಹುಳು ಎಂದು ನಾನು ಬಿಡಿಸಿ ಹೇಳಿದೆ: ಸೊಪ್ಪು ತಿನ್ನುತ್ತವೆ, ನಿದ್ದೆ ಮಾಡುತ್ತವೆ, ಎದ್ದು ಮತ್ತೆ ತಿನ್ನುತ್ತವೆ, ಬೇರೆ ಏನೂ ಮಾಡುವುದಿಲ್ಲ. ತನ್ನ ಗಂಡನೂ ಹಾಗೆಯೇ ಎಂದು ಆಕೆ ನಗದೆ ಹೇಳಿದರು. ಆದರೂ ನಿಯಮ ನಿಯಮವೇ. ನನ್ನ ಚಪ್ಪಲಿಯನ್ನು ಒಳಗೆ ಒಯ್ದು, ಯಾವುದೋ ಔಷಧದಲ್ಲಿ ತೊಳೆದು, ನೀರು ತೊಟ್ಟಿಕ್ಕುವಂತೆ ತಂದುಕೊಟ್ಟರು.

ಹೊರಗೆ ಮಗಳು ಚೈತ್ರಾ ಕಾಯುತ್ತಿದ್ದಳು. ನನ್ನ ಒದ್ದೆ ಹೆಜ್ಜೆಗಳನ್ನು ನೋಡಿ, "ಹುಳುಮನೆಗೆ ಹೋಗೋಳಂಗೆ ಕಾಲು ತೊಳ್ಕೊಂಡೇ ಬಂದಿದ್ದೀಯಲ್ಲವ್ವ," ಅಂದಳು. ನಮ್ಮ ಕಡೆ ಹುಳು ಸಾಕುವ ಮನೆಯೊಳಕ್ಕೆ ಕಾಲು ತೊಳೆಯದೆ ಯಾರೂ ಹೋಗುವುದಿಲ್ಲ, ತಹಸೀಲ್ದಾರರು ಬಂದರೂ ಅಷ್ಟೇ. ಕಬ್ಬಾಳಿನಿಂದ ಒಸಿ ಆಚೆ ನಮ್ಮೂರು. ಅಲ್ಲಿಂದ ಇಲ್ಲಿಯತನಕ ಬಂದು ಅವಳ ಬಾಯಲ್ಲಿ ಹುಳುಮನೆ ಅನ್ನುವ ಮಾತು ಕೇಳಿದ್ದೇ ನನ್ನ ದಣಿವೆಲ್ಲ ಇಳಿಯಿತು.

ಚೈತ್ರಾ ನಮ್ಮ ನೌಕಾಪಡೆಯಲ್ಲಿ ಅಧಿಕಾರಿ. ಕಡಲು ಕಾಣದ ತಾಲೂಕಿನಿಂದ ಕಡಲಿಗೆ ಹೋದವಳು. ಮೇಲಿನ ಓದಿಗೆಂದು ಅವಳನ್ನು ಇಲ್ಲಿ ಪೆಸಿಫಿಕ್ ಸಾಗರದ ದಡದ ಒಂದು ಮಿಲಿಟರಿ ಶಾಲೆಗೆ ಕಳಿಸಿದ್ದರು. ಸಂಶೋಧನೆ ಮುಗಿಯುತ್ತ ಬಂದಿತ್ತು. ಇನ್ನುಳಿದದ್ದು ಕಡಲಿನಲ್ಲಿ ಒಂದು ಕೆಲಸ ಮತ್ತು ಕೊನೆಯ ಪರೀಕ್ಷೆ, ಆಮೇಲೆ ತಿರುಗಿ ಹಡಗು. ಅದನ್ನು ಕಣ್ಣಾರೆ ನೋಡೋಣವೆಂದು ನಾನು ಬಂದೆ. ಮನೆಯಲ್ಲಿ ಬೆಳೆ ಇದ್ದದ್ದರಿಂದ ನಮ್ಮ ಯಜಮಾನರು ಸಿದ್ದರಾಜು ಹುಳುಗಳ ಜೊತೆ ಉಳಿದರು. ಪೆಸಿಫಿಕ್ ಸಾಗರವನ್ನು ವರ್ಷಕ್ಕೊಂದು ಸಲ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ತುಂಬುತ್ತಿದ್ದವಳು ನಾನು. ಕಾರಿನ ಕಿಟಕಿಯಿಂದ ಅದನ್ನು ನೋಡಿದಾಗ ಅದು ನೀಲಿಯಾಗಿರಲಿಲ್ಲ. ಮಂಜು ಕವಿದು ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿತ್ತು.

ಶಾಲೆಯ ಗೇಟು

ಮಿಲಿಟರಿ ಶಾಲೆ ಎಂದರೆ ಬೂಟು, ಪರೇಡು, ತುತ್ತೂರಿ ಎಂದುಕೊಂಡಿದ್ದೆ. ಗೇಟಿನಲ್ಲಿ ಬಂದೂಕು ಹಿಡಿದವರು ಇದ್ದರು, ನಿಜ. ಒಳಗೆ ಕಂಡದ್ದು ಬೆನ್ನಿಗೆ ಪುಸ್ತಕದ ಚೀಲ ನೇತುಹಾಕಿಕೊಂಡು ತರಗತಿಗೆ ಓಡುತ್ತಿದ್ದ ನರೆತ ಕೂದಲಿನ ಕ್ಯಾಪ್ಟನ್‌ಗಳು. ಹಡಗು ನಡೆಸಿದವರು, ವಿಮಾನ ಹಾರಿಸಿದವರು, ಯಾವ ಯಾವುದೋ ದೇಶದವರು, ಎಲ್ಲರೂ ಇಲ್ಲಿ ಮತ್ತೆ ವಿದ್ಯಾರ್ಥಿಗಳು. ಕ್ಯಾಂಟೀನಿನಲ್ಲಿ ಎದೆ ತುಂಬ ಪದಕದ ಪಟ್ಟಿಗಳಿದ್ದ ಇಬ್ಬರು, ನಿನ್ನೆಯ ಗಣಿತದ ಟೆಸ್ಟಿನಲ್ಲಿ ಮೂರನೇ ಲೆಕ್ಕ ಬಿಟ್ಟುಬಂದೆ ಎಂದು ಪಿಸುಗುಡುತ್ತಿದ್ದರು. ನನ್ನ ಒಂಬತ್ತನೇ ತರಗತಿಯ ಹಿಂದಿನ ಬೆಂಚೇ ಎದ್ದು ಬಂದು ಸಮವಸ್ತ್ರ ತೊಟ್ಟ ಹಾಗಿತ್ತು.

ನನ್ನ ಕೊರಳಿಗೆ ಒಂದು ಕಾರ್ಡು ಹಾಕಿದರು. ಜೊತೆಗೊಬ್ಬರಿಲ್ಲದೆ ಇವರು ಎಲ್ಲಿಗೂ ಹೋಗಬಾರದು ಎಂದು ಅದರ ಅರ್ಥ. ಬಚ್ಚಲಿಗೂ ಹಾಗೆಯೇ. ಮಗಳು ಚಿಕ್ಕವಳಾಗಿದ್ದಾಗ ನಾನು ಅವಳನ್ನು ಬಚ್ಚಲಿಗೆ ಕರೆದೊಯ್ದು ಬಾಗಿಲ ಹೊರಗೆ ಕಾಯುತ್ತಿದ್ದೆ. ಈಗ ಅವಳು ಕಾದಳು. ಋಣ ತೀರಿತು.

ಚೈತ್ರಾ ಕೋಣೆಯಿಂದ ಕೋಣೆಗೆ ಕರೆದೊಯ್ದು ತೋರಿಸಿದಳು. ಒಬ್ಬ ಅಧಿಕಾರಿ ಕಡಲ ಮೇಲಿನ ಬಿಸಿಗಾಳಿಯಲ್ಲಿ ಬೆಳಕು ಹೇಗೆ ಬಾಗುತ್ತದೆ ಎಂದು ಅಳೆಯುತ್ತಿದ್ದ; ದೂರದ ಹಡಗು ಇರುವ ಜಾಗದಲ್ಲಿ ಕಾಣದೆ ಒಂದಿಷ್ಟು ಮೇಲೆ ತೇಲಿದಂತೆ ಕಾಣುವುದು ಅದರಿಂದಲೇ ಅಂತೆ. ಇನ್ನೊಬ್ಬರು ಲೋಹದ ಪುಡಿಯಿಂದ ಪಂಪಿನ ಬಿಡಿಭಾಗವನ್ನು ಪದರ ಪದರವಾಗಿ ಅಚ್ಚು ಹಾಕುತ್ತಿದ್ದರು, ನಡುಗಡಲಲ್ಲಿ ಪಂಪು ಕೆಟ್ಟರೆ ಹಡಗು ದಡಕ್ಕೆ ಬರದೆಯೇ ರಿಪೇರಿಯಾಗಲಿ ಎಂದು. ಒಬ್ಬಾಕೆ ಮೆಟ್ಟಿಲು ಹತ್ತುವ ರೋಬೋಟು ಮಾಡಿದ್ದರು. ನಾವು ನೋಡುತ್ತಿದ್ದಂತೆಯೇ ಅದು ಮೇಲಿನ ಮೆಟ್ಟಿಲಿನಿಂದ ಉರುಳಿ ಬಿತ್ತು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನನ್ನ ಮೈದುನ ಕೆಲಸದಲ್ಲಿದ್ದಾನೆ. ಯಂತ್ರ ನಿಂತರೆ ಅಲ್ಲಿ ಬೈಗುಳ ಶುರುವಾಗುತ್ತದಂತೆ. ಇಲ್ಲಿ ಯಂತ್ರ ಬಿದ್ದರೆ ಅಕ್ಕಪಕ್ಕದ ಕೋಣೆಯವರೆಲ್ಲ ಎದ್ದು ಬಂದು ಸುತ್ತ ನಿಂತರು. ಯಾಕೆ ಬಿತ್ತು ಎನ್ನುವುದೇ ಅವರಿಗೆ ಹಬ್ಬ.

ಈ ಜನರ ಇನ್ನೊಂದು ಅಭ್ಯಾಸ ನನಗೆ ಮೊದಲ ದಿನವೇ ಗೊತ್ತಾಯಿತು. ಎದುರಿಗೆ ಸಿಕ್ಕವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ. ನಾನು ನಿಂತು, ಮಂಡಿ ನೋವು ಒಸಿ ಪರವಾಗಿಲ್ಲ, ನಿದ್ದೆ ಮಾತ್ರ ಸರಿಯಾಗಿಲ್ಲ ಎಂದು ಶುರುಮಾಡುವಷ್ಟರಲ್ಲಿ ಅವರು ಮೂಲೆ ತಿರುಗಿರುತ್ತಾರೆ. ನಮ್ಮೂರಿನಲ್ಲಿ ಊಟ ಆಯ್ತಾ ಎಂದು ಕೇಳಿದವರು ಸಾರು ಏನು ಎಂದು ತಿಳಿಯದೆ ಕದಲುವುದಿಲ್ಲ.

ಚೈತ್ರಾಳ ಲ್ಯಾಬು

ಅವಳ ಮೇಷ್ಟ್ರು ವಾಲ್ಟರ್, ಅರವತ್ತು ದಾಟಿದ ಎತ್ತರದ ಮನುಷ್ಯ, ಹಿಂದೆ ತಾವೂ ಹಡಗಿನಲ್ಲಿದ್ದವರು. ಅವರಿಗೆ ಚನ್ನಪಟ್ಟಣದ ಒಂದು ಅರಗಿನ ಬುಗುರಿ ತಂದಿದ್ದೆ. ಮಕ್ಕಳ ಆಟದ ಸಾಮಾನು, ಪ್ರೊಫೆಸರರಿಗೆ ಕೊಡುವುದು ಹೇಗೆ ಎಂದು ಹಿಂಜರಿದಿದ್ದೆ. ಅವರು ಅದನ್ನು ಮೇಜಿನ ಮೇಲೆ ತಿರುಗಿಸಿದರು, ನಿಂತ ಮೇಲೆ ಮತ್ತೆ ತಿರುಗಿಸಿದರು. ನಾನು ಅಲ್ಲಿದ್ದಷ್ಟು ದಿನವೂ ಅವರ ಕೈಯಲ್ಲಿ ಅದು ಸುಮ್ಮನಿದ್ದದ್ದನ್ನು ಕಾಣೆ.

ಮಗಳ ಕೆಲಸ ಏನೆಂದು ಫೋನಿನಲ್ಲಿ ಎಷ್ಟು ಸಲ ಹೇಳಿದ್ದರೂ ನನಗೆ ತಲೆಗೆ ಹತ್ತಿರಲಿಲ್ಲ. ಅದರಲ್ಲಿ ಗುಟ್ಟೇನೂ ಇಲ್ಲ, ಎಲ್ಲರೂ ಓದುವಂತೆ ಅಚ್ಚಾಗುವ ಸಂಶೋಧನೆ. ಅವಳು ಮಾತು ಬಿಟ್ಟು ನನ್ನ ಕಿವಿಗೆ ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿಕೋ ಎಂದಳು.

ಸರಪರ ಸರಪರ ಎಂದು ಬಿಡದೆ ಒಂದು ಸದ್ದು. ನಾಲ್ಕನೇ ಜ್ವರ ಎದ್ದ ಹುಳು! ಹುಳು ಪೊರೆ ಬಿಡಲು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಸಲ ಎದ್ದ ಮೇಲೆ ಅವು ಸೊಪ್ಪು ಮೇಯುವ ಸದ್ದು ಮನೆಯ ಮೇಲೆ ಮಳೆ ಬಿದ್ದಂತಿರುತ್ತದೆ. ಅದೇ ಸದ್ದು, ಸ್ವಲ್ಪವೂ ವ್ಯತ್ಯಾಸವಿಲ್ಲ. ಇದನ್ನು ನಮ್ಮ ಮನೆಯಲ್ಲಿ ಯಾವಾಗ ಹಿಡಿದುಕೊಂಡು ಬಂದೆ ಎಂದು ಕೇಳಿಯೇಬಿಟ್ಟೆ.

ಅದು ಕಡಲ ತಳ. ಅಲ್ಲಿ ಒಂದು ಜಾತಿಯ ಸಣ್ಣ ಸೀಗಡಿ ಇಕ್ಕಳದಂಥ ತನ್ನ ಕೈಯನ್ನು ಚಟ್ ಎಂದು ಮುಚ್ಚುತ್ತದೆ. ಲೆಕ್ಕವಿಲ್ಲದಷ್ಟು ಸೀಗಡಿಗಳು ಒಟ್ಟಿಗೆ ಮುಚ್ಚಿದರೆ ಈ ಸದ್ದು. ಈ ಗದ್ದಲದೊಳಗೆ ದೂರದ ದೋಣಿಯ ಸದ್ದು ಮುಳುಗಿಹೋಗುತ್ತದೆ. ಒಂದರಿಂದ ಒಂದನ್ನು ಬಿಡಿಸಿ, ಮಂಜಿನಲ್ಲಿ ದಾರಿ ತಪ್ಪಿದ ಸಣ್ಣ ದೋಣಿಯೂ ಕೇಳುವಂತೆ ಮಾಡುವುದು ಅವಳ ಸಂಶೋಧನೆ.

"ಇಲ್ಲಿ ಎಲ್ರಿಗೂ ಇದು ಕಸ ಕಣವ್ವ, ಗುಡಿಸಿ ಹಾಕೋ ಸದ್ದು," ಅಂದಳು. "ಮೊದಲ್ನೇ ಸಲ ಕೇಳ್ದಾಗ ನಾನು ಅತ್ತುಬುಟ್ಟೆ. ಇದ್ರ ಪಕ್ಕದಲ್ಲೇ ಮಲ್ಗಿ ಬೆಳೆದೋಳಲ್ವಾ."

ನಾನು ಕೇಳಿದ್ದು ಲ್ಯಾಬಿನವರು ಹಿಂದೆ ಹಿಡಿದಿಟ್ಟ ಸದ್ದು; ತನ್ನ ಕೆಲಸಕ್ಕಾಗಿ ಅವಳು ಕಳೆದ ಚಳಿಗಾಲದಲ್ಲಿ ಒಂದು ಉಪಕರಣವನ್ನು ಕಡಲ ತಳಕ್ಕೆ ಇಳಿಸಿದ್ದಳು. ಕೇಳಿದ್ದನ್ನೆಲ್ಲ ತುಂಬಿಕೊಳ್ಳುವ ಒಂದು ಕೊಳವೆ, ಮೇಲೆ ತೇಲಲು ಗಾಜಿನ ಗುಂಡುಗಳು, ಕೆಳಗೆ ಭಾರಕ್ಕೆ ಹಳೆಯ ರೈಲಿನ ಚಕ್ರ. ದೋಣಿಯಲ್ಲಿ ಹೋಗಿ ನೀರಿನೊಳಕ್ಕೆ ಒಂದು ವಿಶೇಷ ಸದ್ದು ಕಳಿಸಿದರೆ ಅದರ ಕೊಕ್ಕೆ ಬಿಟ್ಟುಕೊಳ್ಳುತ್ತದೆ. ಚಕ್ರ ಅಲ್ಲೇ ಉಳಿದು ಮಿಕ್ಕದ್ದು ಮೇಲಕ್ಕೆ ಬರುತ್ತದೆ. ನಾನು ಬಂದ ವಾರವೇ ಅದನ್ನು ಮೇಲೆತ್ತುವುದಿತ್ತು. ಗುಂಡು ಗುಂಡಾಗಿ, ಬೆಳ್ಳಗೆ, ಒಳಗೆ ಬೆಲೆಯುಳ್ಳದ್ದನ್ನು ಇಟ್ಟುಕೊಂಡು ಕತ್ತಲಲ್ಲಿ ಕೂತದ್ದು. ರೇಷ್ಮೆ ಗೂಡಿನ ನೆನಪಾಗಿ ನಾನು ಅದಕ್ಕೆ ಗೂಡು ಎಂದು ಹೆಸರಿಟ್ಟೆ. ಲ್ಯಾಬಿನವರೂ ಅವರಿಗೆ ತಿರುಗಿದಂತೆ ನಾಲಗೆ ತಿರುಗಿಸಿ ಗೂಡು ಎಂದೇ ಕರೆಯತೊಡಗಿದರು.

ಗೂಡು ಬಾರದ ದಿನ

ಪರದೇಶದವಳಾದ ನನ್ನನ್ನು ಶಾಲೆಯ ದೋಣಿಗೆ ಹತ್ತಿಸುವಂತಿರಲಿಲ್ಲ. ನಾನು ಮನೆಯಲ್ಲಿ ಸೊಪ್ಪಿನ ಸಾರು ಮಾಡಿ, ಮುದ್ದೆಗೆ ನೀರಿಟ್ಟು ಕಾದೆ. ಆ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವುದೂ ಒಂದು ಸಂಶೋಧನೆಯೇ. ಸಾಸಿವೆ ಚಟಪಟ ಎಂದ ಕೂಡಲೇ ಚಾವಣಿಯ ಹೊಗೆ ಗಂಟೆ ಕೂಗಿಕೊಳ್ಳುತ್ತದೆ, ಪಕ್ಕದ ಮನೆಯವರು ಹೊರಗೆ ಬರುತ್ತಾರೆ, ಹೇಗಿದ್ದೀರಿ ಎಂದು ಕೇಳಿ ಹೋಗುತ್ತಾರೆ.

ಚೈತ್ರಾ ಬಂದು ಬಾಗಿಲಲ್ಲೇ ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಬಿಚ್ಚಿಯಾದ ಮೇಲೂ ಏಳಲಿಲ್ಲ.

"ಕೂಗಿದ್ವಿ ಕಣವ್ವ. ಓ ಅಂತು. ಏಳ್ಲಿಲ್ಲ."

ಅಂದರೆ ಅದು ಬದುಕಿದೆ, ಕರೆದರೆ ಓಗೊಡುತ್ತದೆ, ಆದರೆ ಕೊಕ್ಕೆ ಬಿಟ್ಟುಕೊಳ್ಳುತ್ತಿಲ್ಲ. ಸತ್ತಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಅದರ ಹೊಟ್ಟೆಯಲ್ಲಿರುವುದು ಬಾರದಿದ್ದರೆ ಅವಳ ಸಂಶೋಧನೆಗೆ ಬುಡವೇ ಇಲ್ಲ. ಇನ್ನೊಂದು ಸಲ ಇಳಿಸಲು ಕಾಲವೂ ಇಲ್ಲ. ನಮ್ಮ ನೌಕಾಪಡೆ ಅವಳಿಗೆ ಕೊಟ್ಟ ಗಡುವು ಮುಗಿಯುತ್ತಿತ್ತು, ಹೊಸ ಹಡಗಿಗೆ ಹೋಗುವ ಆದೇಶವೂ ಬಂದಿತ್ತು. ಪದವಿ ಇಲ್ಲದೆ ತಿರುಗಿ ಹೋಗಬೇಕು. ಓದಲು ಕಳಿಸಿದವರ ಮುಂದೆ ಬರಿಗೈಲಿ ನಿಲ್ಲಬೇಕು.

ಒಂದು ಆಸೆ ಉಳಿದಿತ್ತು. ಅಂಥ ಕಾಲಕ್ಕೆಂದೇ ವಾಲ್ಟರ್ ಎರಡನೆಯದೊಂದು ಲೋಹದ ಕೊಂಡಿಯನ್ನು ಇಡಿಸಿದ್ದರು. ದೋಣಿಯಿಂದ ಅಪ್ಪಣೆ ಹೋದ ಮೇಲೆ ಉಪ್ಪುನೀರು ಅದನ್ನು ತಿನ್ನತೊಡಗುತ್ತದೆ. ತಿಂದು ಮುಗಿಸಿದ ದಿನ ಗೂಡು ಮೇಲೆ ಬರಬೇಕು. ಯಾವ ದಿನ ಎಂದು ಹೇಳಲಾಗದು, ನೀರಿನ ತಂಪು, ಪಾಚಿ, ಎಲ್ಲವೂ ಲೆಕ್ಕ. ದೋಣಿ ಶುಕ್ರವಾರದ ತನಕ ಮಾತ್ರ ಇವರದು, ಆಮೇಲೆ ಬೇರೆ ತಂಡಕ್ಕೆ. ದೋಣಿಯಿಲ್ಲದ ಹೊತ್ತಿನಲ್ಲಿ ಅದು ಮೇಲೆ ಬಂದರೆ ಸೆಳೆತ ಎಲ್ಲಿಗೆ ಒಯ್ಯುತ್ತದೋ ಯಾರಿಗೂ ಗೊತ್ತಿಲ್ಲ. ದಿನವೂ ಹೋಗಿ ನೋಡುವುದು, ಕಾಯುವುದು, ಇಷ್ಟೇ ಕೆಲಸ.

ಮೊರ

ಕಾಯುವುದು ನಮಗೆ ಹೊಸದಲ್ಲ. ಆದರೆ ಇಲ್ಲಿಯವರಿಗೆ ಕಾಯುವಾಗ ಸುಮ್ಮನಿರಲು ಬರುವುದಿಲ್ಲ. ಮರುದಿನದಿಂದ ಹೇಗಿದ್ದೀರಿ ಎನ್ನುವುದರ ಜಾಗಕ್ಕೆ ಏನಾದರೂ ಸುದ್ದಿ ಬಂತಾ ಎನ್ನುವುದು ಬಂತು. ಕಾರಿಡಾರಿನಲ್ಲಿ ಕೇಳಿದರು, ಕ್ಯಾಂಟೀನಿನಲ್ಲಿ ಕೇಳಿದರು, ರೋಬೋಟಿನಾಕೆ ಕಿಟಕಿಯಿಂದ ಕೇಳಿದರು. ಎಲ್ಲ ಒಳ್ಳೆಯ ಮನಸ್ಸಿನಿಂದಲೇ. ಪ್ರತಿ ಸಲವೂ ಚೈತ್ರಾ ಇಲ್ಲ ಎನ್ನಬೇಕು, ನಗಬೇಕು, ಅವರ ಸಮಾಧಾನ ಕೇಳಬೇಕು. ಸಂಜೆಗೆ ಅವಳ ಮುಖ ಹಿಂಡಿದ ಸೊಪ್ಪಿನ ಹಾಗಾಗಿತ್ತು.

ನಮ್ಮ ಹುಳುಮನೆಯಲ್ಲಿ ಹೀಗೆ ಕೇಳುವಂತಿಲ್ಲ. ಹುಳು ಹಣ್ಣಾಗಿ ಮೇವು ಬಿಟ್ಟ ಮೇಲೆ ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಬಿದಿರು ತಟ್ಟಿಗೆ, ಬಿಡುತ್ತೇವೆ. ಆಮೇಲೆ ಮುಟ್ಟಬಾರದು, ಇಣುಕಬಾರದು, ಬೆಳೆ ಹೇಗಿದೆ ಎಂದು ಕೇಳಲೂಬಾರದು. ನಮ್ಮತ್ತೆ ಕೆಂಪಮ್ಮ ಹುಳುಮನೆಯ ಬಾಗಿಲಿಗೆ ಒಂದು ಹಳೆಯ ಮೊರ ಒರಗಿಸುತ್ತಿದ್ದರು. ಮೊರ ಬಾಗಿಲಲ್ಲಿರುವ ತನಕ ಊರಿನ ಯಾರೂ ಸುದ್ದಿ ಎತ್ತರು. ಮಳೆ, ಮದುವೆ, ಬಸ್ಸು, ಏನು ಬೇಕಾದರೂ ಮಾತಾಡಿಯಾರು. ಗೂಡು ಗಟ್ಟಿಯಾದ ದಿನ ಅತ್ತೆ ಅದೇ ಮೊರ ತೆಗೆದು, ಮೊದಲ ಬೊಗಸೆ ಗೂಡನ್ನು ಅದರಲ್ಲಿ ಹಾಕಿಕೊಂಡು, ಎರಡು ಕೈಯಲ್ಲಿ ಹಿಡಿದು ಮನೆಗೆ ತರುತ್ತಿದ್ದರು. ಕೇಳುವುದು ಆಮೇಲೆ. ಚಿಕ್ಕ ಚೈತ್ರಾ ಮೊರದ ಮುಂದೆಯೇ ಕೂತು ಅಜ್ಜಿ ಆಯ್ತಾ, ಅಜ್ಜಿ ಆಯ್ತಾ ಎಂದು ಪ್ರಾಣ ತಿನ್ನುತ್ತಿದ್ದಳು. ಅದಕ್ಕೂ ಮೊದಲು, ಹೊಸದಾಗಿ ಮದುವೆಯಾಗಿ ಬಂದಾಗ ನಾನೂ ಕಮ್ಮಿಯಿರಲಿಲ್ಲ. ಹುಳ ಸಾಕೋದು ಸಲೀಸು, ಈ ಮೇಷ್ಟ್ರಮ್ಮನ ಬಾಯಿ ಕಟ್ಟಾಕೋದೇ ಕಷ್ಟ ಎಂದು ಅತ್ತೆ ಊರಿಗೆಲ್ಲ ಹೇಳಿದ್ದರು.

ಅಮೆರಿಕದಲ್ಲಿ ಮೊರ ಎಲ್ಲಿಂದ ತರಲಿ? ಮಗಳ ಅಡುಗೆಮನೆಯ ಓವನ್ನಿನೊಳಗೆ ಒಂದು ಅಗಲವಾದ ತಗಡಿನ ತಟ್ಟೆಯಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಲ್ಯಾಬಿನ ಬಾಗಿಲಿಗೆ ಒರಗಿಸಿದೆ. ಚೈತ್ರಾ ನೋಡಿದಳು. ನಾಚಿಕೆಯಾಗುತ್ತದೆ ತೆಗೆಯವ್ವ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬಗ್ಗಿ, ಸೊಟ್ಟಗಿದ್ದ ತಟ್ಟೆಯನ್ನು ನೆಟ್ಟಗೆ ಮಾಡಿ ಒಳಗೆ ಹೋದಳು.

ವಾಲ್ಟರ್ ಬಂದು ಇದೇನೆಂದು ಕೇಳಿದರು. ನನ್ನ ಪಾಠದ ಇಂಗ್ಲಿಷಿನಲ್ಲಿ ಹುಳು, ಚಂದ್ರಿಕೆ, ಅತ್ತೆ ಎಲ್ಲವನ್ನೂ ವಿವರಿಸಿದೆ. ಅವರು ಬುಗುರಿಯನ್ನು ಅಂಗೈಯಲ್ಲಿ ಉರುಳಿಸುತ್ತ ಕೇಳಿಸಿಕೊಂಡರು. ತಾವು ಹಡಗಿನಲ್ಲಿದ್ದಾಗ, ನೀರಿನಡಿಯ ಸದ್ದು ಕೇಳಲು ಕೂತವನನ್ನು ಕ್ಯಾಪ್ಟನ್ ಕೂಡ ಮಾತಾಡಿಸುತ್ತಿರಲಿಲ್ಲ, ಅವನಾಗಿಯೇ ತಿರುಗಿ ನೋಡುವ ತನಕ ಕಾಯುತ್ತಿದ್ದರು ಎಂದರು. ಆಮೇಲೆ ಕೋಣೆ ಕೋಣೆಗೂ ತಾವೇ ಹೋಗಿ, ತಟ್ಟೆ ಬಾಗಿಲಲ್ಲಿರುವ ತನಕ ಯಾರೂ ಏನೂ ಕೇಳಬಾರದು ಎಂದು ಹೇಳಿ ಬಂದರು. ಮಿಲಿಟರಿಯವರಲ್ಲವೇ, ಅಪ್ಪಣೆ ಎಂದರೆ ಅಪ್ಪಣೆ. ಮಧ್ಯಾಹ್ನದ ಹೊತ್ತಿಗೆ ಇಡೀ ಕಾರಿಡಾರು ಹವಾಮಾನದ ಬಗ್ಗೆ ಮಾತಾಡುತ್ತಿತ್ತು. ಆ ದಿನ ಚೈತ್ರಾ ಎರಡು ಮುದ್ದೆ ಉಂಡಳು.

ಗ್ಲೋರಿಯಾ

ನಿಯಮ ಮಾಡಿದವಳೇ ನಿಯಮಕ್ಕೆ ಸಿಕ್ಕಿಬಿದ್ದ ಕಥೆ ಇದು.

ಬುಧವಾರ ದೋಣಿ ಬೇಗನೆ ತಿರುಗಿ ಬಂದಿತ್ತು. ಊಟದ ಡಬ್ಬಿ ಹಿಡಿದು ಗೇಟಿಗೆ ಹೋದೆ. ಕರೆದೊಯ್ಯಲು ವಾಲ್ಟರ್ ಬಂದಿದ್ದರು. ಮೂಲೆ ತಿರುಗಿದರೆ ಲ್ಯಾಬಿನ ಬಾಗಿಲು ಬರಿದಾಗಿತ್ತು. ತಟ್ಟೆಯಿಲ್ಲ.

ಮೊರ ತೆಗೆದರೆ ಗೂಡು ಬಂತೆಂದೇ ಅರ್ಥ. ಡಬ್ಬಿ ಕೆಳಗಿಟ್ಟು ವಾಲ್ಟರ್ ಅವರ ಎರಡೂ ಕೈ ಹಿಡಿದುಕೊಂಡೆ. ಕಬ್ಬಾಳಮ್ಮ ಕಣ್ಣು ಬಿಟ್ಟಳು ಎಂದು ಕನ್ನಡದಲ್ಲೇ ಹೇಳಿದೆ, ಬಂತು ಬಂತು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ತಾವು ಇಲ್ಲದ ಹೊತ್ತಿನಲ್ಲಿ ಸುದ್ದಿ ಬಂದಿರಬೇಕೆಂದು ಆ ಮನುಷ್ಯ ಆ ವಯಸ್ಸಿನಲ್ಲೂ ಬಾಗಿಲಿಗೆ ಓಡಿದರು. ಅವರ ಕೂಗಿಗೆ ಚೈತ್ರಾ ಹೊರಗೆ ಬಂದಳು. ನಮ್ಮಿಬ್ಬರ ಮುಖ ನೋಡಿ, ನಮಗೆ ಏನೋ ತಿಳಿದಿದೆ ಎಂದುಕೊಂಡು ಅವಳ ಮುಖ ಅರಳಿತು. ಹತ್ತನೇ ತರಗತಿಯ ಫಲಿತಾಂಶದ ದಿನವೂ ನಾನು ಆ ಮುಖವನ್ನು ಅಷ್ಟು ಬೆಳಕಾಗಿ ಕಂಡಿರಲಿಲ್ಲ.

ಅದೇ ಹೊತ್ತಿಗೆ ಪಕ್ಕದ ಕೋಣೆಯಿಂದ ಕಟ್ಟಡ ಚೊಕ್ಕಟ ಮಾಡುವ ಗ್ಲೋರಿಯಾ, ತಟ್ಟೆ ಹಿಡಿದುಕೊಂಡು ಬಂದಳು. ಯಾರೋ ಜಿಡ್ಡಿನ ತಟ್ಟೆಯನ್ನು ಕಾರಿಡಾರಿನಲ್ಲಿ ಬಿಟ್ಟಿದ್ದಾರೆಂದು ಉಜ್ಜಿ ಉಜ್ಜಿ ತೊಳೆದಿದ್ದಳು. ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಬೇಷ್ ಸಿಗಲಿ ಎಂದು ನಗುತ್ತ ನಿಂತಿದ್ದಳು, ಪಾಪ.

ಚೈತ್ರಾಳ ಮುಖದ ಬೆಳಕು ಇಳಿದದ್ದನ್ನು ನಾನು ನೋಡಿದೆ. ಅವಳು ನನ್ನನ್ನು ಬಯ್ಯಲಿಲ್ಲ. ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಮಗಳ ಆಸೆಯನ್ನು ನನ್ನ ಕೈಯಾರೆ ಎತ್ತಿ ಕೆಳಗೆ ಹಾಕಿದೆನಲ್ಲ ಎಂದು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ.

ವಿಷಯ ತಿಳಿದ ಗ್ಲೋರಿಯಾ ನನ್ನ ಪಕ್ಕ ಬಂದು ನಿಂತಳು. ಅವಳು ಮೆಕ್ಸಿಕೋದ ಒಂದು ಹಳ್ಳಿಯವಳು. ಅವಳ ಅಜ್ಜಿ, ಬಂದ ನೆಂಟರು ಎದ್ದು ಹೋಗದಿದ್ದರೆ ಬಾಗಿಲ ಹಿಂದೆ ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದಳಂತೆ. ಬಾಗಿಲಲ್ಲಿಟ್ಟ ಸಾಮಾನಿಗೆ ಅರ್ಥವಿರುತ್ತದೆ ಎಂದು ತನಗೆ ಹೊಳೆಯಬೇಕಿತ್ತು ಎಂದಳು. ತಟ್ಟೆಯನ್ನು ತಾನೇ ಬಾಗಿಲಿಗೆ ಒರಗಿಸಿದಳು. ಆಮೇಲೆ ಆ ಕಡೆ ಹಾದುಹೋಗುವಾಗಲೆಲ್ಲ ಅದು ಇದೆಯೇ ಎಂದು ನೋಡಿಯೇ ಹೋಗುತ್ತಿದ್ದಳು.

ಊರಿನ ಫೋನು

ಅದೇ ವಾರ ನಮ್ಮ ಮನೆಯಲ್ಲೂ ಹುಳು ಚಂದ್ರಿಕೆಯಲ್ಲಿದ್ದವು. ಯಜಮಾನರು ದಿನಾ ಫೋನು ಮಾಡುತ್ತಿದ್ದರು. ಮಗಳ ಗೂಡಿನ ಸುದ್ದಿ ಎತ್ತುತ್ತಿರಲಿಲ್ಲ. ಮಾಗಡಿಯ ಸಂಬಂಧಿಕರ ಮನೆ ಗೃಹಪ್ರವೇಶ, ಕೆಟ್ಟು ನಿಂತ ಬೋರಿನ ಮೋಟರು, ಇಂಥವು. ಮಗ ಊಟ ಮಾಡ್ತಾವ್ಳಾ ಎಂದು ಮಾತ್ರ ಕೊನೆಗೆ ಕೇಳುತ್ತಿದ್ದರು.

ಗುರುವಾರ ವಿಡಿಯೋದಲ್ಲಿ ಅವರ ಹಿಂದೆ ಹುಳುಮನೆಯ ಬಾಗಿಲು ಕಾಣಿಸಿತು. ಮೊರ ಇರಲಿಲ್ಲ. ಆದರೂ ಅವರು ಮಾತೆತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಮೊರ ತಗ್ದ್ರಾ?"

"ತಗ್ದೆ. ಐತೆ ಬುಡು," ಅಂದರು.

ಒಳ್ಳೆಯ ಬೆಳೆಯಾದರೆ ನಮ್ಮವರು ಹಾಗೆ ಹೇಳುವುದಿಲ್ಲ. ಅರ್ಧಕ್ಕರ್ಧ ಜೊಳ್ಳು ಗೂಡು ಎಂದು ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟರು. ನನಗೆ ಬೆಳೆಯ ನಷ್ಟಕ್ಕಿಂತ ಬೇರೆಯದೇ ಹೆದರಿಕೆ ಹಿಡಿಯಿತು. ಶಕುನ ಗಿಕುನ ನಂಬಬೇಡಿ ಎಂದು ತರಗತಿಯಲ್ಲಿ ಭಾಷಣ ಬಿಗಿದವಳು ನಾನೇ. ಆದರೆ ಮಗಳ ವಿಷಯಕ್ಕೆ ಬಂದಾಗ ಯಾವ ಮೇಷ್ಟ್ರೂ ಮೇಷ್ಟ್ರಲ್ಲ. ಒಂದು ಮೊರ ಕೆಟ್ಟ ಸುದ್ದಿ ತಂದಿತು, ಇನ್ನೊಂದು ಏನು ತರುತ್ತದೋ. ಮಗಳಿಗೆ ಏನೂ ಹೇಳಲಿಲ್ಲ. ಅವಳು, ಅಪ್ಪ ಹೆಂಗವ್ರೆ ಎಂದಳು. ಗೃಹಪ್ರವೇಶದ ಕಥೆ ಹೇಳಿದೆ.

ದೋಣಿಕಟ್ಟೆ, ಶುಕ್ರವಾರ

ಕೊನೆಯ ದಿನ. ಅವಳು ಬುತ್ತಿ ಕಟ್ಟಿಸಿಕೊಂಡು ಕತ್ತಲಿರುವಾಗಲೇ ಹೋಗಿದ್ದಳು. ಗ್ಲೋರಿಯಾ ಬೆಳಿಗ್ಗೆ ಫೋನು ಮಾಡಿ, ತಟ್ಟೆ ಬಾಗಿಲಲ್ಲಿಲ್ಲ, ತಾನು ಮುಟ್ಟಿಲ್ಲ ಎಂದು ಗಾಬರಿಯಿಂದ ಹೇಳಿದಳು. ಬಿಡು ತಾಯಿ ಎಂದೆ. ಯಾರೋ ಮತ್ತೆ ತೊಳೆಯಲು ಒಯ್ದಿರಬೇಕು. ಈ ಸಲ ನಾನು ಯಾರ ಕೈಯನ್ನೂ ಹಿಡಿದುಕೊಳ್ಳುವವಳಲ್ಲ.

ಶಾಲೆಯ ಗೇಟಿನಾಚೆ ಎಲ್ಲರೂ ಓಡಾಡುವ ದೋಣಿಕಟ್ಟೆಯಿದೆ. ಇವರ ದೋಣಿ ನಿಲ್ಲುವುದೂ ಅಲ್ಲೇ. ಅಲ್ಲಿ ಒಂದು ಬೆಂಚಿನ ಮೇಲೆ ಕೂತೆ. ಮಂಜು ಎಷ್ಟಿತ್ತೆಂದರೆ ಕಡಲಿದೆ ಎಂದು ಸದ್ದಿನಿಂದಲೇ ತಿಳಿಯಬೇಕು. ಸ್ವೆಟರಿನ ಮೇಲೆ ಸೆರಗು ಹೊದ್ದು, ಕೇಳಬಾರದ ಪ್ರಶ್ನೆಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಕೇಳಿಕೊಂಡೆ. ಸಿಕ್ತಾ? ಕೊಕ್ಕೆ ಬಿಡ್ತಾ? ಒಳಗೆ ನೀರು ಹೋಗಿಲ್ಲ ತಾನೆ? ಇಲ್ಲವೆಂದರೆ ಮುಂದೇನು ಮಾಡ್ತೀಯ ಮಗ? ಬೆಂಚಿನ ಇನ್ನೊಂದು ತುದಿಗೆ ಗಾಳ ಹಾಕುವ ಮುದುಕರೊಬ್ಬರು ಬಂದು ಕೂತು, ಹೇಗಿದ್ದೀರಿ ಎಂದರು. ಚೆನ್ನಾಗಿದ್ದೇನೆ ಎಂದೆ. ಆ ದೇಶದ ಪದ್ಧತಿ ಅಷ್ಟು ಹೊತ್ತಿಗೆ ನನಗೂ ಬಂದಿತ್ತು.

ಮಧ್ಯಾಹ್ನ ತಿರುಗಿದ ಮೇಲೆ ಇಂಜಿನ್ನಿನ ಸದ್ದು ಕೇಳಿಸಿತು, ಆಮೇಲೆ ದೋಣಿ ಕಂಡಿತು. ಮುಂದೆ ವಾಲ್ಟರ್ ನಿಂತಿದ್ದರು. ಅವರ ಮುಖದಲ್ಲಿ ಏನೂ ಓದಲಾಗಲಿಲ್ಲ. ಮಿಲಿಟರಿಯವರ ಮುಖ, ಮುಚ್ಚಿದ ಬಾಗಿಲು. ಹಗ್ಗ ಎಸೆದರು, ಕಟ್ಟಿದರು. ಹಿಂದುಗಡೆ ಏನಿದೆ ಎಂದು ಮಂಜಿನಲ್ಲಿ ಕಾಣದು.

ಚೈತ್ರಾ ಇಳಿದು ಬಂದಳು. ಓಡಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಏನನ್ನೋ ಎದೆಯ ಮಟ್ಟಕ್ಕೆ ಹಿಡಿದು ಬರುತ್ತಿದ್ದಳು. ಹತ್ತಿರ ಬಂದ ಮೇಲೆ ಕಂಡಿತು, ಓವನ್ನಿನ ತಟ್ಟೆ. ಅದರ ಮೇಲೆ ಒದ್ದೆ ಪಾಚಿ ಹಾಸಿ, ಪಾಚಿಯ ನಡುವೆ ಹೆಬ್ಬೆರಳಿನಷ್ಟು ಉದ್ದದ ಒಂದು ಚಿಕ್ಕ ಡಬ್ಬಿ ಇಟ್ಟಿದ್ದಳು. ಗೂಡು ಕಡಲ ತಳದಲ್ಲಿ ಕೇಳಿಸಿಕೊಂಡದ್ದೆಲ್ಲ ಅದರೊಳಗೆ. ಆ ದಿನ ತಟ್ಟೆಯನ್ನು ಯಾರಿಗೂ ಹೇಳದೆ ದೋಣಿಗೆ ಒಯ್ದವರು ವಾಲ್ಟರ್ ಎಂದು ಆಮೇಲೆ ತಿಳಿಯಿತು. ಕೊಕ್ಕೆಯ ಸಂದಿನಲ್ಲಿ ಚಿಪ್ಪು ಬೆಳೆದು ಕಚ್ಚಿಕೊಂಡಿತ್ತು, ಉಪ್ಪುನೀರು ಎರಡನೆಯ ಕೊಂಡಿಯನ್ನು ತಿಂದು ಮುಗಿಸಿದ ಮೇಲೆ ಗೂಡು ಎದ್ದಿತು ಎಂಬುದೂ ಆಮೇಲೆಯೇ.

ಅತ್ತೆ ಹಿಡಿಯುತ್ತಿದ್ದ ಹಾಗೆಯೇ ಹಿಡಿದಿದ್ದಳು, ಹೆಬ್ಬೆರಳು ಒಳಗೆ, ಮೊಣಕೈ ಮೈಗೆ ಒತ್ತಿ. ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಮೊರದ ಮುಂದೆ ಕೂತು ನೋಡಿದ್ದಳು, ಅಷ್ಟೆ.

ತಟ್ಟೆಯನ್ನು ನನ್ನ ಮಡಿಲಲ್ಲಿಟ್ಟಳು. ಕೆನ್ನೆಯ ಮೇಲೆ ಉಪ್ಪು ಒಣಗಿತ್ತು.

"ಈಗ ಕೇಳ್ಬೋದು ಕಣವ್ವ," ಅಂದಳು.

ವಾರವಿಡೀ ನುಂಗಿಕೊಂಡಿದ್ದ ಪ್ರಶ್ನೆಗಳಲ್ಲಿ ಒಂದಾದರೂ ನೆನಪಿಗೆ ಬರಬೇಕಲ್ಲ. ನಮ್ಮತ್ತೆ ಇದ್ದಿದ್ದರೆ ನಕ್ಕುಬಿಡುತ್ತಿದ್ದರು. ಪಾಚಿಯ ತಣ್ಣನೆ ನೀರು ಸೀರೆಗೆ ಇಳಿಯುತ್ತಿತ್ತು. ತಟ್ಟೆಯ ಮೇಲೆ ಸೆರಗು ಮುಚ್ಚಿ, ಅವಳ ಮುಖ ನೋಡಿ, ಬುತ್ತಿ ಉಂಡ್ಯಾ ಮಗ ಎಂದು ಕೇಳಿದೆ.